ಕಾರುಗಳಲ್ಲಿ ಏರ್ ಬ್ಯಾಗ್: ಕಾರ್ಯವಿಧಾನ ಹಾಗೂ ಪ್ರಯಾಣಿಕರು ಗಮನಿಸತಕ್ಕ ಅಂಶಗಳು

ಅಪಘಾತದ ಸಂದರ್ಭದಲ್ಲಿ ಕಾರಿನ ಚಾಲಕರು ಹಾಗೂ ಪ್ರಯಾಣಿಕರ ತಲೆ ಮತ್ತು ಎದೆಗೆ ಆಗಬಹುದಾದ ತೀವ್ರ ಪೆಟ್ಟನ್ನು ತಗ್ಗಿಸುವ ಸಲುವಾಗಿ ಏರ್ ಬ್ಯಾಗ್ (ಗಾಳಿಚೀಲ) ಅಳವಡಿಸಲಾಗಿರುತ್ತದೆ. ಸ್ಟೀರಿಂಗ್ ಚಕ್ರದ ನಡುವೆ ಅಥವಾ ಡ್ಯಾಶ್‌ಬೋರ್ಡಿನ ಮೇಲೆ ಕಾಣುವ ‘ಎಸ್.ಆರ್.ಎಸ್.’ ಎಂಬ ಅಕ್ಷರಗಳಿಗೆ ‘ಪೂರಕ ತಡೆ ವ್ಯವಸ್ಥೆ’ ಎಂದು ಅರ್ಥ. ಪೂರಕ ಎಂಬ ಪದವೇ ಇಲ್ಲಿ ಮುಖ್ಯವಾದುದು. ಏರ್ ಬ್ಯಾಗ್ ಇರುವ ಕಾರಿನಲ್ಲಿ ಸೀಟ್ ಬೆಲ್ಟ್ ಧರಿಸುವ ಅಗತ್ಯವಿಲ್ಲವೆಂಬ ಭಾವನೆ ಹಲವರಲ್ಲಿದ್ದು, ಇದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡುವ ತಪ್ಪು ತಿಳಿವಳಿಕೆಯಾಗಿದೆ.

ಡಿಕ್ಕಿಯ ಕ್ಷಣದಲ್ಲಿ ನಡೆಯುವುದೇನು?

ಗಂಟೆಗೆ 50 ಕಿ.ಮೀ. ವೇಗದಲ್ಲಿ ಚಲಿಸುತ್ತಿರುವ ಕಾರು ಗೋಡೆಗೆ ಅಪ್ಪಳಿಸಿ ನಿಂತರೂ ಒಳಗಿರುವವರ ದೇಹ ಅದೇ ವೇಗದಲ್ಲಿ ಮುಂದಕ್ಕೆ ಸಾಗುತ್ತಿರುತ್ತದೆ. ಈ ವೇಗವು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ ಬಿದ್ದವರು ನೆಲ ಮುಟ್ಟುವಾಗಿನ ವೇಗಕ್ಕೆ ಸಮ. ಸೀಟ್ ಬೆಲ್ಟ್ ಸೊಂಟ ಮತ್ತು ಎದೆಗೂಡನ್ನು ಆಸನಕ್ಕೆ ಹಿಡಿದಿಡುತ್ತದೆ. ಆದರೆ ತಲೆ ಮತ್ತು ಕತ್ತನ್ನು ಅದು ಹಿಡಿಯಲಾರದು. ಅವು ಮುಂದಕ್ಕೆ ಬಾಗಿ ಸ್ಟೀರಿಂಗ್‌ಗೆ ಬಡಿಯುವ ಸಂಭವವಿರುತ್ತದೆ. ಈ ಕೊರತೆಯನ್ನು ತುಂಬುವುದೇ ಏರ್ ಬ್ಯಾಗ್‌ನ ಕೆಲಸ.

ಕಾರಿನ ಮುಂಭಾಗದಲ್ಲಿರುವ ಸಂವೇದಕಗಳು ವೇಗ ಹಠಾತ್ತನೆ ಕುಸಿದುದನ್ನು ಗ್ರಹಿಸಿ ನಿಯಂತ್ರಣ ಘಟಕಕ್ಕೆ ತಿಳಿಸುತ್ತವೆ. ಇದು ಗುಂಡಿಗೆ ಬಿದ್ದ ಕುಲುಕಾಟವೋ ನಿಜವಾದ ಡಿಕ್ಕಿಯೋ ಎಂಬುದನ್ನು ಘಟಕವು ಸುಮಾರು 15ರಿಂದ 20 ಮಿಲಿಸೆಕೆಂಡುಗಳಲ್ಲಿ ನಿರ್ಧರಿಸುತ್ತದೆ. (ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡು.) ಡಿಕ್ಕಿಯಲ್ಲಿ ಬ್ಯಾಟರಿಯ ತಂತಿ ತುಂಡಾದರೂ ಕೆಲಸ ನಿಲ್ಲದಂತೆ ಘಟಕದೊಳಗೆ ಅಲ್ಪಕಾಲಕ್ಕೆ ಸಾಕಾಗುವಷ್ಟು ವಿದ್ಯುತ್ತನ್ನು ಕೂಡಿಟ್ಟಿರಲಾಗುತ್ತದೆ. ಘಟಕದ ಸಂಕೇತದಿಂದ ಇನ್‌ಫ್ಲೇಟರ್ ಎಂಬ ಲೋಹದ ಡಬ್ಬಿಯೊಳಗಿನ ರಾಸಾಯನಿಕ ಹೊತ್ತಿಕೊಂಡು ಅನಿಲ ಉತ್ಪತ್ತಿಯಾಗುತ್ತದೆ. ಮಡಿಸಿಟ್ಟ ನೈಲಾನ್ ಚೀಲವು ಮುಚ್ಚಳವನ್ನು ಸೀಳಿಕೊಂಡು ಹೊರಬಂದು, ಡಿಕ್ಕಿಯಾದ ಸುಮಾರು 50 ಮಿಲಿಸೆಕೆಂಡುಗಳೊಳಗೆ ತುಂಬಿ ನಿಲ್ಲುತ್ತದೆ. ಕಣ್ಣು ಮಿಟುಕಿಸಲು ಇದರ ಎರಡರಷ್ಟಕ್ಕೂ ಹೆಚ್ಚು ಸಮಯ ಬೇಕು.

ಚೀಲವು ತುಂಬಿಯೇ ಇರುವುದಿಲ್ಲವೆಂಬುದನ್ನೂ ಗಮನಿಸಬೇಕು. ಅದರ ಹಿಂಬದಿಯಲ್ಲಿ ರಂಧ್ರಗಳಿದ್ದು, ತಲೆ ಮತ್ತು ಎದೆ ಒರಗುತ್ತಿದ್ದಂತೆ ಅನಿಲ ಹೊರಹೋಗಿ ಚೀಲ ಕುಗ್ಗುತ್ತದೆ. ಹೀಗೆ ಕುಗ್ಗುವುದರಿಂದಲೇ ದೇಹದ ವೇಗ ಮೆತ್ತಗೆ ಇಳಿಯುತ್ತದೆ. ಬಿಗಿಯಾಗಿ ತುಂಬಿದ ಚೆಂಡಿನಂತಿದ್ದಿದ್ದರೆ ಅದು ತಲೆಯನ್ನು ಹಿಂದಕ್ಕೆ ಎಸೆಯುತ್ತಿತ್ತು.

ರಕ್ಷಿಸುವ ಚೀಲದಿಂದಲೇ ಅಪಾಯ

ಇಷ್ಟು ಅಲ್ಪಕಾಲದಲ್ಲಿ ತುಂಬಬೇಕಾದ ಚೀಲವು ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೊರನುಗ್ಗಬಲ್ಲದು. ತುಂಬಿದ ನಂತರ ಬಂದು ಒರಗಿದವರಿಗೆ ಅದು ದಿಂಬು. ಬಿಚ್ಚಿಕೊಳ್ಳುತ್ತಿರುವಾಗ ಎದುರಾದವರಿಗೆ ಅದೇ ಹೊಡೆತ. ಚೀಲ ಹೊರಬರುವ ಮೊದಲ 5ರಿಂದ 8 ಸೆಂಟಿಮೀಟರ್ ಅಂತರದಲ್ಲಿ ಅಪಾಯ ಅತ್ಯಧಿಕ. ಬೆಲ್ಟ್ ಧರಿಸದವರು ಡಿಕ್ಕಿಗೆ ಮುನ್ನ ಬ್ರೇಕ್ ಬಿದ್ದಾಗಲೇ ಮುಂದಕ್ಕೆ ಜಾರಿ ನೇರವಾಗಿ ಈ ಅಂತರದೊಳಕ್ಕೆ ಬರುತ್ತಾರೆ.

ಈ ಮಾತಿಗೆ ಅಮೆರಿಕದ ಅನುಭವವು ಆಧಾರವಾಗಿದೆ. ಅಲ್ಲಿ ಆರಂಭದ ಏರ್ ಬ್ಯಾಗ್‌ಗಳನ್ನು ಬೆಲ್ಟ್ ಧರಿಸದ ವಯಸ್ಕ ಪುರುಷನನ್ನೂ ತಡೆದು ನಿಲ್ಲಿಸುವಷ್ಟು ಬಲದಿಂದ ತೆರೆದುಕೊಳ್ಳುವಂತೆ ರೂಪಿಸಲಾಗಿತ್ತು. 1990ರಿಂದ 2008ರವರೆಗೆ ಕಡಿಮೆ ವೇಗದ ಡಿಕ್ಕಿಗಳಲ್ಲಿ ಮುಂಬದಿಯ ಏರ್ ಬ್ಯಾಗ್ ತೆರೆದುಕೊಂಡ ಹೊಡೆತದಿಂದಲೇ 290ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರಲ್ಲಿ ಬಹುಪಾಲು ಪ್ರಯಾಣಿಕರು. ಆ ಪ್ರಯಾಣಿಕರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಮಕ್ಕಳು ಮತ್ತು ಶಿಶುಗಳು. 1997ರಲ್ಲಿ ನಿಯಮ ಬದಲಾಯಿಸಿ ಚೀಲದ ಬಲ ತಗ್ಗಿಸಲು ಅವಕಾಶ ನೀಡಿದ ಮೇಲೆ ಇಂತಹ ಸಾವುಗಳು ಬಹಳ ಇಳಿದವು. ಇಳಿದವೇ ಹೊರತು ಅಪಾಯ ಪೂರ್ತಿ ತಪ್ಪಿತೆಂದಲ್ಲ. 2024ರಲ್ಲಿ ಕೇರಳ ಹಾಗೂ ಮಹಾರಾಷ್ಟ್ರದಲ್ಲಿ, ಮುಂದಿನ ಆಸನದಲ್ಲಿದ್ದ ಮಕ್ಕಳು ಏರ್ ಬ್ಯಾಗ್ ತೆರೆದುಕೊಂಡು ಮೃತಪಟ್ಟ ಘಟನೆಗಳು ವರದಿಯಾಗಿವೆ.

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಆಸನದಲ್ಲಿ ಪ್ರಯಾಣಿಸುವುದು ನಮ್ಮಲ್ಲಿ ಸಾಮಾನ್ಯವಾಗಿದೆ. 10 ಕಿಲೋಗ್ರಾಂ ತೂಕದ ಮಗುವನ್ನು 50 ಕಿ.ಮೀ. ವೇಗದ ಡಿಕ್ಕಿಯಲ್ಲಿ ಹಿಡಿದಿಡಲು, ಕಾರಿನ ಮುಂಭಾಗ 60 ಸೆಂಟಿಮೀಟರ್ ನುಜ್ಜಾಗಿ ನಿಂತಿತೆಂದುಕೊಂಡರೂ, ಸರಾಸರಿ 160 ಕಿಲೋಗ್ರಾಂ ಭಾರವನ್ನು ಎತ್ತುವಷ್ಟು ಬಲ ಬೇಕು. ಯಾವ ತಾಯಿತಂದೆಯ ತೋಳಿಗೂ ಇದು ಸಾಧ್ಯವಿಲ್ಲ. ಮಿಗಿಲಾಗಿ, ಮಗುವಿನ ತಲೆಯು ಚೀಲದ ಮುಚ್ಚಳದ ಎದುರಿಗೇ ಇರುತ್ತದೆ. ಮಕ್ಕಳನ್ನು ಹಿಂದಿನ ಆಸನದಲ್ಲಿ, ವಯಸ್ಸು ಮತ್ತು ತೂಕಕ್ಕೆ ತಕ್ಕ ಮಕ್ಕಳ ಆಸನದಲ್ಲಿ ಕೂರಿಸತಕ್ಕದ್ದು. ಹಿಮ್ಮುಖವಾಗಿ ಅಳವಡಿಸುವ ಶಿಶು ಆಸನವನ್ನು ಚಾಲ್ತಿಯಲ್ಲಿರುವ ಏರ್ ಬ್ಯಾಗ್‌ನ ಎದುರು ಯಾವುದೇ ಕಾರಣಕ್ಕೂ ಇಡಬಾರದು. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಆಸನದ ರಕ್ಷಣೆ ಇಲ್ಲದೆ ವಾಹನ ಚಲಾಯಿಸುವುದು ಮೋಟಾರು ವಾಹನಗಳ ಕಾಯ್ದೆಯ ಕಲಂ 194ಬಿ ಅನ್ವಯ ಅಪರಾಧವಾಗಿದೆ.

ವಯಸ್ಕರ ವಿಷಯದಲ್ಲಿ, ಸ್ಟೀರಿಂಗ್‌ನ ಮಧ್ಯಭಾಗಕ್ಕೂ ಚಾಲಕರ ಎದೆಗೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕು. ಕುಳ್ಳಗಿರುವವರು ಆಸನವನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿ, ಬೆನ್ನೊರಗನ್ನು ತುಸು ವಾಲಿಸಿಕೊಳ್ಳಬಹುದು. ಗರ್ಭಿಣಿಯರು ಬೆಲ್ಟಿನ ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗೆ ತಾಗುವಂತೆ ಧರಿಸುವುದು. ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿ ಕೂರುವುದು ಅಪಾಯಕರ. ಅಲ್ಲಿ ದೇವರ ವಿಗ್ರಹ, ಸುಗಂಧದ ಬಾಟಲಿ ಮುಂತಾದವುಗಳನ್ನು ಅಂಟಿಸುವ ರೂಢಿಯೂ ಇದೆ. ಚೀಲದ ಮುಚ್ಚಳದ ಮೇಲೆ ಅಂಟಿಸಿದ ವಸ್ತು ಕವಣೆಕಲ್ಲಿನಂತೆ ಹಾರಿಬರುವುದರಿಂದ ಅದನ್ನು ಬೇರೆಡೆ ಇಟ್ಟುಕೊಳ್ಳುವುದು ಲೇಸು.

ಏರ್ ಬ್ಯಾಗ್ ತೆರೆದುಕೊಳ್ಳಲಿಲ್ಲವೇಕೆ?

ಅಪಘಾತದ ನಂತರ ಕೇಳಿಬರುವ ಸಾಮಾನ್ಯ ದೂರು ಇದು. ಗಂಟೆಗೆ ಸುಮಾರು 13ರಿಂದ 23 ಕಿ.ಮೀ. ವೇಗದಲ್ಲಿ ಗಟ್ಟಿ ಗೋಡೆಗೆ ಅಪ್ಪಳಿಸುವುದಕ್ಕೆ ಸಮನಾದ ಅಥವಾ ಅದಕ್ಕೂ ಮಿಗಿಲಾದ ಮುಂಭಾಗದ ಡಿಕ್ಕಿಗೆ ಮಾತ್ರ ಮುಂಬದಿಯ ಚೀಲಗಳು ತೆರೆದುಕೊಳ್ಳುವಂತೆ ಸಾಮಾನ್ಯವಾಗಿ ರೂಪಿಸಲಾಗಿರುತ್ತದೆ. ಹಿಂದಿನಿಂದ ಗುದ್ದಿದಾಗ ಅಥವಾ ಬದಿಗೆ ಉಜ್ಜಿಕೊಂಡು ಹೋದಾಗ ಅವು ತೆರೆದುಕೊಳ್ಳದಿರಬಹುದು. ನಮ್ಮ ಹೆದ್ದಾರಿಗಳಲ್ಲಿ ನಿಂತ ಲಾರಿಯ ಹಿಂಬದಿಗೆ ಕಾರು ನುಗ್ಗುವ ಅಪಘಾತಗಳನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗುತ್ತದೆ. ಲಾರಿಯ ಚೌಕಟ್ಟು ಎತ್ತರದಲ್ಲಿದ್ದು, ಕಾರಿನ ಬಂಪರ್ ಅದರ ಕೆಳಗೆ ತೂರಿಕೊಂಡಾಗ ಪೆಟ್ಟು ಸಂವೇದಕಗಳಿಗೆ ತಡವಾಗಿ ತಲುಪಬಹುದು.

ಬಂಪರ್ ಮುಂದೆ ಅಳವಡಿಸಿಕೊಳ್ಳುವ ಕಬ್ಬಿಣದ ಕ್ರ್ಯಾಶ್ ಗಾರ್ಡ್‌ಗಳೂ ಸಂವೇದಕಗಳ ಲೆಕ್ಕಾಚಾರವನ್ನು ಕೆಡಿಸುವ ಸಾಧ್ಯತೆಯಿದೆ. ಇಂತಹ ಅಳವಡಿಕೆಯು ಕಾಯ್ದೆಯ ಕಲಂ 52ರ ಉಲ್ಲಂಘನೆಯೆಂದು ತಿಳಿಸಿ, ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದಿತ್ತು. ಆಸನದ ಬದಿಯಲ್ಲಿ ಏರ್ ಬ್ಯಾಗ್ ಇರುವ ಕಾರುಗಳಲ್ಲಿ ದಪ್ಪನೆಯ ಸೀಟ್ ಕವರ್ ಹೊದಿಸಿದರೆ ಅದೂ ಚೀಲಕ್ಕೆ ಅಡ್ಡಿಯಾಗುತ್ತದೆ.

ಕಡ್ಡಾಯ ನಿಯಮಗಳು

ಭಾರತದಲ್ಲಿ ದಿನಾಂಕ 1-7-2019ರಿಂದ ಹೊಸ ಕಾರುಗಳಲ್ಲಿ ಚಾಲಕರ ಏರ್ ಬ್ಯಾಗ್ ಕಡ್ಡಾಯವಾಯಿತು. ಮುಂದಿನ ಆಸನದ ಸಹಪ್ರಯಾಣಿಕರ ಏರ್ ಬ್ಯಾಗ್ ಹೊಸ ಮಾದರಿಗಳಿಗೆ 1-4-2021ರಿಂದ ಕಡ್ಡಾಯವಾಗಿದ್ದು, ಅದಾಗಲೇ ತಯಾರಿಕೆಯಲ್ಲಿದ್ದ ಮಾದರಿಗಳಿಗೆ 31-12-2021ರವರೆಗೆ ಕಾಲಾವಕಾಶ ನೀಡಲಾಗಿತ್ತು. ಆರು ಏರ್ ಬ್ಯಾಗ್‌ಗಳ ಪ್ರಸ್ತಾವವನ್ನು 2022ರ ಜನವರಿಯಲ್ಲಿ ಕರಡು ರೂಪದಲ್ಲಿ ಪ್ರಕಟಿಸಲಾಗಿತ್ತಾದರೂ, ಅದನ್ನು ಕಡ್ಡಾಯಗೊಳಿಸುವುದಿಲ್ಲವೆಂದು ಕೇಂದ್ರ ಸಚಿವರು 2023ರ ಸೆಪ್ಟೆಂಬರ್‌ನಲ್ಲಿ ತಿಳಿಸಿದರು.

ನಿರ್ವಹಣೆ

ಇಗ್ನಿಷನ್ ಕೀಲಿ ತಿರುಗಿಸಿದಾಗ ಮೀಟರ್ ಫಲಕದಲ್ಲಿ ಏರ್ ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದೆ ಉಳಿದರೆ ವ್ಯವಸ್ಥೆಯಲ್ಲಿ ದೋಷವಿದೆಯೆಂದೂ, ಹೊತ್ತಿಕೊಳ್ಳದೆಯೇ ಇದ್ದರೆ ಸಂದೇಹಕ್ಕೆ ಆಸ್ಪದವಿದೆಯೆಂದೂ ತಿಳಿಯಬೇಕು. ಹಳೆಯ ಕಾರು ಕೊಳ್ಳುವವರು ಇದನ್ನು ತಪ್ಪದೆ ಪರೀಕ್ಷಿಸುವುದು. ಒಮ್ಮೆ ತೆರೆದುಕೊಂಡ ಚೀಲವನ್ನು ಮತ್ತೆ ಮಡಿಸಿ ಬಳಸಲಾಗದು; ಚೀಲ, ಇನ್‌ಫ್ಲೇಟರ್ ಹಾಗೂ ತಯಾರಕರು ಸೂಚಿಸುವ ಇತರ ಭಾಗಗಳನ್ನು ಅಧಿಕೃತ ಕಾರ್ಯಾಗಾರದಲ್ಲಿ ಹೊಸದಾಗಿ ಹಾಕಿಸಬೇಕು.

ಜಪಾನಿನ ತಕಾಟಾ ಕಂಪನಿ ತಯಾರಿಸಿದ ಇನ್‌ಫ್ಲೇಟರ್‌ಗಳಲ್ಲಿನ ಅಮೋನಿಯಂ ನೈಟ್ರೇಟ್ ಶಾಖ ಮತ್ತು ತೇವಕ್ಕೆ ವರ್ಷಾನುಗಟ್ಟಲೆ ಒಡ್ಡಿಕೊಂಡು ಕೆಟ್ಟು, ಡಬ್ಬಿಯೇ ಸಿಡಿದು ಲೋಹದ ಚೂರುಗಳು ಪ್ರಯಾಣಿಕರಿಗೆ ತಗುಲಿದ ಪ್ರಕರಣಗಳು ಹಲವು ದೇಶಗಳಲ್ಲಿ ನಡೆದವು. ಭಾರತದಲ್ಲಿಯೂ ಅಂತಹ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡು ಉಚಿತವಾಗಿ ಬಿಡಿಭಾಗ ಬದಲಾಯಿಸಿಕೊಡಲಾಗಿದೆ. ಕರಾವಳಿಯಂತಹ ಬಿಸಿ ಮತ್ತು ತೇವದ ಪ್ರದೇಶದಲ್ಲಿ ಹಳೆಯ ಕಾರು ಹೊಂದಿರುವವರು ವಾಹನದ ಚಾಸಿ ಸಂಖ್ಯೆಯನ್ನು ತಯಾರಕರಿಗೆ ಅಥವಾ ಅಧಿಕೃತ ಮಾರಾಟಗಾರರಿಗೆ ನೀಡಿ, ತಮ್ಮ ಕಾರು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬಹುದಾಗಿದೆ.