ವಿದೇಶಿ ಬಿಸಿನೆಸ್ ಡಿಗ್ರಿ, ಊರಲ್ಲಿ ನಿರುದ್ಯೋಗ: ಚೀನಾದ ‘ಕಡಲಾಮೆ’ಗಳ ಕಥೆ ಏನು?

ಚೀನೀ ಭಾಷೆಯಲ್ಲಿ ‘ಹೈಗುಯಿ’ ಅಂದ್ರೆ ಕಡಲಾಚೆಯಿಂದ ಮರಳಿದವರು. ಅದೇ ಉಚ್ಚಾರದ ಇನ್ನೊಂದು ಪದಕ್ಕೆ ಕಡಲಾಮೆ ಅನ್ನೋ ಅರ್ಥ. ಹಾಗಾಗಿ ವಿದೇಶದಲ್ಲಿ ಓದಿ ಬಂದವರು ಅಲ್ಲಿನ ಆಡುಮಾತಿನಲ್ಲಿ ಕಡಲಾಮೆಗಳು. ವಾಪಸ್ ಬಂದೂ ಕೆಲಸ ಸಿಗದೆ ಮನೆಯಲ್ಲಿ ಕಾಯುತ್ತ ಕೂತವರಿಗೆ ‘ಹೈದಾಯ್’ ಅನ್ನುತ್ತಾರೆ. ಅದೂ ಶ್ಲೇಷೆಯೇ, ಸಮುದ್ರದ ಪಾಚಿಗೂ ಅದೇ ಉಚ್ಚಾರ. ಒಂದು ತಲೆಮಾರಿನೊಳಗೆ ಆಮೆ ಪಾಚಿಯಾದದ್ದು ಹೇಗೆ ಅಂತ ತಿಳಿಯೋಕೆ ಬಿಸಿನೆಸ್ ಡಿಗ್ರಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

2000ದ ಆಸುಪಾಸಿನಲ್ಲಿ ವಿದೇಶಿ ಡಿಗ್ರಿ ಅಂದ್ರೆ ಬೆಲೆಯೇ ಬೇರೆ ಇತ್ತು. ಬೈದು ಕಟ್ಟಿದ ರಾಬಿನ್ ಲಿ ಅಮೆರಿಕದ ಬಫಲೋದಲ್ಲಿ ಓದಿದವರು, ಸೋಹು ಕಟ್ಟಿದ ಚಾರ್ಲ್ಸ್ ಜಾಂಗ್ ಎಂಐಟಿಯವರು. ಆಗ ಹೊರಗೆ ಹೋದವರೂ ಕಡಿಮೆ, ಮರಳಿದವರು ಇನ್ನೂ ಕಡಿಮೆ. 2019ರ ಹೊತ್ತಿಗೆ ಚಿತ್ರವೇ ಬದಲಾಗಿತ್ತು. ಚೀನಾದ ಶಿಕ್ಷಣ ಸಚಿವಾಲಯದ ಲೆಕ್ಕದಂತೆ ಆ ಒಂದೇ ವರ್ಷ ಸುಮಾರು 7.03 ಲಕ್ಷ ಮಂದಿ ಓದಲು ಹೊರಗೆ ಹೋದರು, 5.80 ಲಕ್ಷ ಮಂದಿ ವಾಪಸ್ ಬಂದರು. ಇಷ್ಟು ಜನ ಕೈಯಲ್ಲಿ ಹಿಡಿದು ಬರುವ ಕಾಗದಕ್ಕೆ ಅಪರೂಪದ ಬೆಲೆ ಉಳಿಯೋದಿಲ್ಲ.

ಹೀಗೆ ಹೋದವರಲ್ಲಿ ದೊಡ್ಡ ಪಾಲು ಮ್ಯಾನೇಜ್‌ಮೆಂಟ್, ಫೈನಾನ್ಸ್, ಮಾರ್ಕೆಟಿಂಗ್ ಕಡೆಯವರು. ಬ್ರಿಟನ್ನಿನ ಮಾಸ್ಟರ್ಸ್ ಒಂದೇ ವರ್ಷದ್ದು. ಡಿಗ್ರಿಯಲ್ಲಿ ಏನೇ ಓದಿದ್ದರೂ ಅಲ್ಲಿ ಕೆಲವು ಬಿಸಿನೆಸ್ ಕೋರ್ಸ್‌ಗಳಿಗೆ ಸೇರಬಹುದು. ಹೆಸರಿರುವ ವಿವಿಗಳಲ್ಲಿ ಫೀಸೇ 30 ಸಾವಿರ ಪೌಂಡ್ ದಾಟುವುದು ಸಾಮಾನ್ಯ, ನಮ್ಮ ಲೆಕ್ಕದಲ್ಲಿ 30 ಲಕ್ಷ ರೂಪಾಯಿಗೂ ಮೇಲೆ. ಒಂದೇ ಮಗುವಿನ ಕಾನೂನಿನ ಕಾಲದಲ್ಲಿ ಹುಟ್ಟಿದ ಈ ಮಕ್ಕಳ ಹಿಂದೆ ಇಡೀ ಮನೆಯ ಉಳಿತಾಯ ನಿಂತಿರುತ್ತೆ. ಇದಕ್ಕೆ ಚೀನಾದ ಜನರೇ ಇಟ್ಟಿರುವ ಅಡ್ಡಹೆಸರು ‘ನೀರು ಮಾಸ್ಟರ್ಸ್’. ಹಾಲಿಗಿಂತ ನೀರೇ ಜಾಸ್ತಿ ಅನ್ನೋ ಧಾಟಿ.

ಈ ಅಡ್ಡಹೆಸರು ಪೂರ್ತಿ ನ್ಯಾಯವಲ್ಲ ಅಂತ ನನ್ನ ಅನಿಸಿಕೆ. ಕೋರ್ಸಿನ ಗುಣಮಟ್ಟಕ್ಕಿಂತ ದೊಡ್ಡ ಸಮಸ್ಯೆ ಕ್ಯಾಲೆಂಡರಿನಲ್ಲಿದೆ.

ಪ್ಲೇಸ್‌ಮೆಂಟ್ ಸೀಸನ್ ಯಾವಾಗ?

ಚೀನಾದ ದೊಡ್ಡ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳೋದು ಮುಖ್ಯವಾಗಿ ‘ಶರತ್ಕಾಲದ ನೇಮಕಾತಿ’ಯಲ್ಲಿ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಅದರ ಭರಾಟೆ, ಮುಂದಿನ ವರ್ಷ ಪದವಿ ಮುಗಿಸುವವರಿಗೆ ಈ ವರ್ಷವೇ ಆಫರ್. ಉಳಿದ ಸೀಟುಗಳಿಗೆ ವಸಂತದಲ್ಲಿ ಸಣ್ಣ ಸುತ್ತು. ಈಗ ಒಂದು ಲೆಕ್ಕ ಹಾಕಿ. ಸೆಪ್ಟೆಂಬರ್ ಕೊನೆಗೆ ಮ್ಯಾಂಚೆಸ್ಟರಿಗೆ ಬಂದಿಳಿದ ಹುಡುಗಿ ಮುಂದಿನ ಸೆಪ್ಟೆಂಬರ್‌ಗೆ ಕೋರ್ಸ್ ಮುಗಿಸುತ್ತಾಳೆ. ಅಂದ್ರೆ ಅವಳು ಅರ್ಜಿ ಹಾಕಬೇಕಾದ ಸುತ್ತು ನಡೆಯುವುದು ಅವಳು ರೂಮು ಹುಡುಕುವ ತಿಂಗಳಲ್ಲಿ! ಒಂದು ಕ್ಲಾಸಿಗೂ ಕೂರುವ ಮೊದಲೇ ಶೆನ್‌ಜೆನ್ನಿನ ಕಂಪನಿಯ ಆನ್‌ಲೈನ್ ಟೆಸ್ಟ್ ಬರೀಬೇಕು, ಅದೂ ಏಳೆಂಟು ಗಂಟೆ ಸಮಯದ ವ್ಯತ್ಯಾಸದಲ್ಲಿ.

ಆ ಸುತ್ತು ತಪ್ಪಿದರೆ ಮುಂದಿನ ವರ್ಷ ನೋಡೋಣ ಅಂದ್ರೆ ಅಲ್ಲೊಂದು ತೊಡಕು. ಚೀನಾದಲ್ಲಿ ‘ಯಿಂಗ್‌ಜಿಯೇಶೆಂಗ್’ ಅಂದ್ರೆ ಆಯಾ ವರ್ಷದ ಹೊಸ ಪದವೀಧರ ಅನ್ನೋ ಪಟ್ಟಕ್ಕೆ ತೂಕ ಬಹಳ. ಸರ್ಕಾರಿ ಸ್ವಾಮ್ಯದ ಸಂಸ್ಥೆಗಳು, ಬ್ಯಾಂಕುಗಳು ಹೊಸಬರ ಕೋಟಾದಲ್ಲಿ ಇವರನ್ನೇ ಹುಡುಕುತ್ತವೆ. ಕೆಲಸವಿಲ್ಲದೆ ಕೂತರೆ ಆ ಪಟ್ಟ ಕೈತಪ್ಪಬಹುದು. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಪದವಿ ಮುಗಿಸಿದವರು ಹೊಸಬರು ಅನ್ನೋದನ್ನು ಒಂದೊಂದು ಕಂಪನಿ ಒಂದೊಂದು ಥರ ಬರೆದುಕೊಂಡಿರುತ್ತೆ. ಇದರ ಮೇಲೆ ಸರ್ಕಾರಿ ಹುದ್ದೆಗಳಿಗೆ, ಹುಕೌ ಅರ್ಜಿಗೆ ವಿದೇಶಿ ಡಿಗ್ರಿಯನ್ನು ಶಿಕ್ಷಣ ಸಚಿವಾಲಯದ ಅಧೀನ ಕೇಂದ್ರದಿಂದ ದೃಢೀಕರಿಸಿಕೊಂಡು ಬರಬೇಕು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಕೊಟ್ಟಿದ್ದ ರಿಯಾಯಿತಿಯನ್ನು ಆ ಕೇಂದ್ರ 2023ರ ಜನವರಿಯಲ್ಲಿ ದಿಢೀರನೆ ಹಿಂತೆಗೆದುಕೊಂಡಾಗ, ಚೀನಾದ ಮನೆಯಲ್ಲೇ ಕೂತು ಲಾಗಿನ್ ಆಗುತ್ತಿದ್ದವರು ರಾತ್ರೋರಾತ್ರಿ ವಿಮಾನದ ಟಿಕೆಟ್ ಹುಡುಕಬೇಕಾಯಿತು.

ಇಂಟರ್ನ್‌ಶಿಪ್ ಇನ್ನೊಂದು ತಲೆನೋವು. ಬೀಜಿಂಗ್, ಶಾಂಘೈನಲ್ಲೇ ಮಾಸ್ಟರ್ಸ್ ಓದುವವರು ಎರಡು ಮೂರು ವರ್ಷದಲ್ಲಿ ಮೂರು ನಾಲ್ಕು ಇಂಟರ್ನ್‌ಶಿಪ್ ಮುಗಿಸಿರುತ್ತಾರೆ. ಒಂದು ವರ್ಷದ ಕೋರ್ಸಿನವರಿಗೆ ಇರೋದೇ ಒಂದು ಬೇಸಿಗೆ. ಅದನ್ನೂ ಡಿಸರ್ಟೇಶನ್ ನುಂಗುತ್ತೆ.

ಇಷ್ಟೆಲ್ಲ ದಾಟಿ ಇಂಟರ್‌ವ್ಯೂಗೆ ಹೋದರೆ ‘ಮೊದಲ ಡಿಗ್ರಿ ಎಲ್ಲಿಯದು?’ ಅಂತ ಕೇಳುತ್ತಾರೆ. ಪದವಿ ಮಟ್ಟದಲ್ಲಿ ‘985’ ಪಟ್ಟಿಯ 39 ವಿವಿಗಳಲ್ಲೋ, ಅದಕ್ಕಿಂತ ದೊಡ್ಡದಾದ ‘211’ ಪಟ್ಟಿಯಲ್ಲೋ ಓದಿದ್ದರೆ ಲಂಡನ್ನಿನ ಮಾಸ್ಟರ್ಸ್ ಮೇಲೊಂದು ಗರಿ. ಸಾಮಾನ್ಯ ಪ್ರಾಂತೀಯ ಕಾಲೇಜಿನಿಂದ ಬಂದಿದ್ದರೆ, ಆ ಗುರುತನ್ನು ಅಳಿಸೋಕೆ ಅಂತಲೇ ಮನೆಯವರು ಸುರಿದ ದುಡ್ಡು ಅದನ್ನು ಅಳಿಸೋದಿಲ್ಲ.

ಅಲ್ಲೇ ಉಳಿದುಬಿಟ್ಟರೆ?

ಬ್ರಿಟನ್ 2021ರ ಜುಲೈನಲ್ಲಿ ಗ್ರಾಜುಯೇಟ್ ವೀಸಾ ತೆರೆಯಿತು, ಓದು ಮುಗಿದ ಮೇಲೆ ಎರಡು ವರ್ಷ ಕೆಲಸಕ್ಕೆ ಅವಕಾಶ. ಇದನ್ನು ಅತಿ ಹೆಚ್ಚು ಬಳಸಿದ್ದು ಭಾರತೀಯರು, ಚೀನೀಯರಲ್ಲ. ನಮ್ಮ ಕಡೆಯ ಎಷ್ಟೋ ಮಕ್ಕಳು ಎಜುಕೇಶನ್ ಲೋನ್ ಹೊತ್ತು ಹೋಗ್ತಾರೆ, ಪೌಂಡಿನಲ್ಲಿ ದುಡಿದೇ ತೀರಿಸಬೇಕು. ಅಪ್ಪ ಅಮ್ಮನ ಉಳಿತಾಯದಲ್ಲಿ ಓದಿದವರಿಗೆ ಊರಿಗೆ ಮರಳುವುದು ಅಷ್ಟು ಭಯದ ಮಾತಲ್ಲ. ಆದರೆ ನಿಯಮ ಇಬ್ಬರಿಗೂ ಒಂದೇ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದ ಬದಲು 18 ತಿಂಗಳು (ಪಿಎಚ್‌ಡಿಯವರ ಲೆಕ್ಕ ಬೇರೆ). ಆಮೇಲೆ ಸ್ಕಿಲ್ಡ್ ವರ್ಕರ್ ವೀಸಾ ಬೇಕೆಂದರೆ ಸಂಬಳದ ಮಿತಿ 2025ರ ಜುಲೈನಿಂದ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ 33,400. 2024ರ ಏಪ್ರಿಲ್‌ಗೆ ಮುಂಚೆ ಇದು 26,200 ಇತ್ತು. ಮಾರ್ಕೆಟಿಂಗ್ ಅಸಿಸ್ಟೆಂಟ್‌ಗೆ ಅಷ್ಟು ಸಂಬಳ ಕೊಟ್ಟು, ಸ್ಪಾನ್ಸರ್ ಲೈಸೆನ್ಸಿನ ರಗಳೆಯನ್ನೂ ಹೊರುವ ಸಣ್ಣ ಕಂಪನಿಗಳು ಕಡಿಮೆ.

ಅಮೆರಿಕದಲ್ಲಿ ಓದು ಮುಗಿಸಿದವರಿಗೆ ಒಪಿಟಿ ಒಂದು ವರ್ಷ. ಕೋರ್ಸು ‘ಸ್ಟೆಮ್’ ಆಗಿದ್ದರೆ ಇನ್ನೆರಡು ವರ್ಷ ಸೇರುತ್ತೆ, ಎಚ್-1ಬಿ ಲಾಟರಿಗೆ ಮೂರು ಸಲ ಕೈ ಹಾಕಬಹುದು. ಲಾಟರಿಯಲ್ಲಿರೋದು 65 ಸಾವಿರ ವೀಸಾ, ಅಲ್ಲಿನ ಮಾಸ್ಟರ್ಸ್ ಮಾಡಿದವರಿಗೆ ಹೆಚ್ಚುವರಿ 20 ಸಾವಿರ. ಬಿಸಿನೆಸ್ ಸ್ಕೂಲುಗಳು ಬುದ್ಧಿವಂತಿಕೆ ತೋರಿಸಿದ್ದು ಇಲ್ಲೇ. ಬಿಸಿನೆಸ್ ಅಡ್ಮಿನಿಸ್ಟ್ರೇಶನ್ ಕೋಡ್ 52.0201 ಸ್ಟೆಮ್ ಅಲ್ಲ, ಮ್ಯಾನೇಜ್‌ಮೆಂಟ್ ಸೈನ್ಸ್ ಕೋಡ್ 52.1301 ಸ್ಟೆಮ್. ಹಲವು ಸ್ಕೂಲುಗಳು ಒಂದಷ್ಟು ಡೇಟಾ ಪೇಪರ್ ಸೇರಿಸಿ ಎಂಬಿಎಯನ್ನೇ ಎರಡನೇ ಕೋಡಿಗೆ ಸಾಗಿಸಿದವು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನ್ನಂಥವರಿಗೆ ಇದು ನಗು ತರಿಸುತ್ತೆ, ಆದರೆ ವಿದ್ಯಾರ್ಥಿಗೆ ಆ ನಾಲ್ಕು ಅಂಕಿಗಳೇ ಎರಡು ವರ್ಷದ ಅನ್ನ. ಕೋರ್ಸಿನ ಹೆಸರಿಗಿಂತ ಅದರ ಕೋಡನ್ನು ಮೊದಲು ನೋಡಬೇಕಾದ ಕಾಲ ಇದು. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಆಡಳಿತ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿದೆ. ಅಮೆರಿಕದಲ್ಲೇ ಓದಿ ಅಲ್ಲಿಂದಲೇ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸಲ್ಲ ಅಂತ ಆಮೇಲೆ ಸ್ಪಷ್ಟನೆ ಬಂತು. ಅಷ್ಟರಲ್ಲಿ ಕಂಪನಿಗಳು ಹೆದರಿದ್ದಂತೂ ನಿಜ.

ಊರಿನ ಬಾಗಿಲು

ಬಿಸಿನೆಸ್ ಓದಿದವರನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ ಉದ್ಯಮಗಳೇ ಚೀನಾದಲ್ಲಿ ಒಂದರ ಹಿಂದೊಂದು ಸೊರಗಿದವು. 2021ರ ಜುಲೈನಲ್ಲಿ ಟ್ಯೂಷನ್ ಉದ್ಯಮದ ಮೇಲೆ ಸರ್ಕಾರದ ಪ್ರಹಾರ, ಅದೇ ವರ್ಷ ಎವರ್‌ಗ್ರಾಂಡೆ ಜೊತೆ ರಿಯಲ್ ಎಸ್ಟೇಟ್ ಕುಸಿತ. ಆ ಎವರ್‌ಗ್ರಾಂಡೆಯ ಲೆಕ್ಕಪತ್ರ ನೋಡಿದ್ದ ಪಿಡಬ್ಲ್ಯುಸಿಯ ಚೀನಾ ಘಟಕಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಆರು ತಿಂಗಳ ನಿಷೇಧ, 44.1 ಕೋಟಿ ಯುವಾನ್ ದಂಡ. ಅಕೌಂಟಿಂಗ್ ಓದಿದವರ ಕನಸಿನ ‘ಬಿಗ್ ಫೋರ್’ನಲ್ಲಿ ಇದೂ ಒಂದು.

ಇತ್ತ 2023ರ ಜೂನ್‌ನಲ್ಲಿ ಯುವ ನಿರುದ್ಯೋಗ 21.3% ಮುಟ್ಟಿದಾಗ ಸರ್ಕಾರ ಅಂಕಿ ಪ್ರಕಟಿಸೋದನ್ನೇ ನಿಲ್ಲಿಸಿತು. ಓದುತ್ತಿರುವವರನ್ನು ಲೆಕ್ಕದಿಂದ ಬಿಟ್ಟು ಹೊಸ ವಿಧಾನದಲ್ಲಿ ಮತ್ತೆ ಶುರು ಮಾಡಿದರೂ 2025ರ ಆಗಸ್ಟ್‌ನಲ್ಲಿ ಅದು 18.9%. ಆ ವರ್ಷ ಚೀನಾದ ಕಾಲೇಜುಗಳಿಂದಲೇ ಹೊರಬಂದವರು 1.22 ಕೋಟಿ. ಎಲ್ಲರಿಗೂ ಸರ್ಕಾರಿ ನೌಕರಿ ಬೇಕು. 2025ರ ಸಾಲಿನ ಕೇಂದ್ರ ಪರೀಕ್ಷೆಗೆ 39,700 ಹುದ್ದೆ, 34 ಲಕ್ಷಕ್ಕೂ ಹೆಚ್ಚು ಅರ್ಜಿ. ಕಡಲಾಮೆಗಳಿಗೆ ಇಲ್ಲಿ ಇನ್ನೊಂದು ಅಡ್ಡಿಯಿದೆ. ಕೆಲವು ಪ್ರಾಂತ್ಯಗಳು ಮುಂದಿನ ಅಧಿಕಾರಿಗಳನ್ನು ಆರಿಸುವ ವಿಶೇಷ ನೇಮಕಾತಿಯಲ್ಲಿ ವಿದೇಶಿ ವಿವಿಗಳನ್ನು ಕೈಬಿಟ್ಟಿವೆ. 2025ರ ಏಪ್ರಿಲ್‌ನಲ್ಲಿ ಗ್ರೀ ಕಂಪನಿಯ ಮುಖ್ಯಸ್ಥೆ ಡಾಂಗ್ ಮಿಂಗ್‌ಜು, ಹೊರಗೆ ಓದಿ ಬಂದವರಲ್ಲಿ ಗೂಢಚಾರರಿದ್ದಾರೆ, ಅವರನ್ನು ನಾವು ತೆಗೆದುಕೊಳ್ಳಲ್ಲ ಅಂತ ಷೇರುದಾರರ ಸಭೆಯಲ್ಲೇ ಹೇಳಿದರು. ಆನ್‌ಲೈನ್‌ನಲ್ಲಿ ಅವರಿಗೆ ಸಾಕಷ್ಟು ಬೈಗುಳ ಬಿತ್ತು, ಆದರೆ ಸಾಲ ಸೋಲ ಮಾಡಿ ಓದಿಸಿದ ಅಪ್ಪ ಅಮ್ಮನಿಗೆ ಆ ಮಾತು ಎಲ್ಲಿ ತಾಕಿರಬೇಡ?

ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಶಾಂಘೈ ನಗರ ಜಗತ್ತಿನ ಟಾಪ್ 50 ವಿವಿಗಳಲ್ಲಿ ಓದಿ ಬಂದು ಅಲ್ಲೇ ಪೂರ್ಣಾವಧಿ ಕೆಲಸ ಹಿಡಿದವರಿಗೆ ಹುಕೌ ಸುಲಭ ಮಾಡಿದೆ. ಅಲ್ಲಿ ಮಕ್ಕಳ ಶಾಲೆಯಿಂದ ಹಿಡಿದು ಮನೆ ಕೊಳ್ಳುವವರೆಗೆ ಹುಕೌ ಇದ್ದವರಿಗೆ ದಾರಿ ಸುಲಭ, ಹಾಗಾಗಿ ಇದು ಸಣ್ಣ ಲಾಭವಲ್ಲ. ಹಾಂಗ್‌ಕಾಂಗ್ 2022ರ ಡಿಸೆಂಬರ್‌ನಲ್ಲಿ ತಂದ ಟಾಪ್ ಟ್ಯಾಲೆಂಟ್ ಪಾಸ್ ಕೇಳೋಕೆ ಚೆನ್ನಾಗಿದೆ, ಆದರೆ ಅಲ್ಲಿ ಲೆಕ್ಕಕ್ಕೆ ಬರೋದು ಪಟ್ಟಿಯಲ್ಲಿರುವ ವಿವಿಯ ಬ್ಯಾಚುಲರ್ ಡಿಗ್ರಿ ಮಾತ್ರ. ಒಂದು ವರ್ಷದ ಮಾಸ್ಟರ್ಸ್‌ಗೆ ಅಲ್ಲೂ ಕಿಮ್ಮತ್ತಿಲ್ಲ.

ಈ ಡಿಗ್ರಿಗೆ ನಿಜವಾದ ಕೆಲಸ ಇರೋದು ಹೊರಗೆ ಹೊರಟಿರುವ ಚೀನೀ ಕಂಪನಿಗಳಲ್ಲಿ ಅಂತ ನನಗನ್ನಿಸುತ್ತೆ. ಬಿವೈಡಿ ಹಂಗರಿಯ ಸೆಗೆಡ್‌ನಲ್ಲಿ, ಸಿಎಟಿಎಲ್ ಅದೇ ದೇಶದ ಡೆಬ್ರೆಸೆನ್‌ನಲ್ಲಿ ಕಾರ್ಖಾನೆ ಎಬ್ಬಿಸುತ್ತಿವೆ. ಟೆಮು, ಶೀನ್ ಯುರೋಪಿನ ಮನೆಮನೆಗೆ ಪಾರ್ಸೆಲ್ ಕಳಿಸುತ್ತಿವೆ. ಅಲ್ಲಿನ ತೆರಿಗೆ, ಕಾರ್ಮಿಕ ಕಾನೂನು, ಗ್ರಾಹಕರ ದೂರು ಇವನ್ನೆಲ್ಲ ಇಂಗ್ಲಿಷ್‌ನಲ್ಲಿ ಓದಿ, ಶೆನ್‌ಜೆನ್ನಿನ ಬಾಸಿಗೆ ಚೀನೀ ಭಾಷೆಯಲ್ಲಿ ಅರ್ಥ ಮಾಡಿಸುವ ಜನ ಬೇಕು. ಫೈನಾನ್ಸ್ ಕನಸಿನವರಿಗೆ ಇದು ಗತ್ತಿನ ಕೆಲಸವಲ್ಲ, ಗೋದಾಮು, ಕಸ್ಟಮ್ಸ್, ರಾತ್ರಿ ಮೀಟಿಂಗುಗಳ ಕೆಲಸ. ಆದರೆ ಎರಡೂ ಕಡೆಯ ಭಾಷೆ ಬಲ್ಲವರಿಗೆ ಊರಲ್ಲೇ ಓದಿದವರ ಪೈಪೋಟಿ ಇಲ್ಲಿ ಕಡಿಮೆ.