ನಗರ ಫೌಜುದಾರಿಯ ಒಳಜಗಳ

ಅಂಜನಾಪುರ, ಶಿಕಾರಿಪುರ, ಆನವಟ್ಟಿ, ಸೊರಬಗಳ ಸೀಮೆ 19ನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಮೈಸೂರು ಸಂಸ್ಥಾನದ ನಗರ ಎಂಬ ಫೌಜುದಾರಿಗೆ (ಆಡಳಿತ ವಿಭಾಗಕ್ಕೆ) ಸೇರಿತ್ತು. 1830–31ರಲ್ಲಿ ಇಲ್ಲಿ ಎದ್ದ ರೈತರ ದಂಗೆಗೆ ಕಂದಾಯದ ಭಾರ ಮತ್ತು ಪಾಳೆಯಗಾರರ ಹಂಬಲಗಳೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಎರಡೂ ನಿಜ. ಆದರೆ ಫೌಜುದಾರಿ ಕಚೇರಿಯಲ್ಲಿ ವರ್ಷಗಟ್ಟಲೆ ನಡೆದ ಬಣಗಳ ಗುದ್ದಾಟವನ್ನು ಕೈಬಿಟ್ಟರೆ ದಂಗೆಯ ಅರ್ಧ ಕಥೆಯೇ ಬಿಟ್ಟುಹೋಗುತ್ತದೆ.

1799ರಲ್ಲಿ ಟಿಪ್ಪು ಮಡಿದು ಒಡೆಯರ ಆಳ್ವಿಕೆ ಮರಳಿದಾಗ ನಗರದ ಮೊದಲ ಫೌಜುದಾರನಾಗಿ ಬಂದವನು ರಾಮರಾವ್. 1805ರವರೆಗೆ ಅವನದೇ ಅಧಿಕಾರ. ಅಷ್ಟರಲ್ಲಿ ಅವನ ನೆಂಟರೂ ಆಪ್ತರೂ ಸೀಮೆಯ ಕಚೇರಿಗಳಲ್ಲಿ ನೆಲೆಯೂರಿದ್ದರು. ಅವನು ಹುದ್ದೆ ಬಿಟ್ಟು ಹೋದರೂ ಅವರು ಹೋಗಲಿಲ್ಲ. ಅರಮನೆಯಲ್ಲಿ ಅವನ ಮಾತಿಗಿದ್ದ ತೂಕವೇ ಅವರಿಗೆ ರಕ್ಷೆಯಾಯಿತು. ಮೇಲಧಿಕಾರಿ ಬದಲಾದರೂ ಕಚೇರಿ ಹಳೆಯ ಯಜಮಾನನ ಕೈಯಲ್ಲೇ ಉಳಿಯುವ ಪರಿಸ್ಥಿತಿ ಇದು. ದಂಗೆ ಹತ್ತಿರವಾಗುವ ಹೊತ್ತಿಗೆ ಅದೇ ಬಳಗದ ಕೃಷ್ಣರಾವ್ ಫೌಜುದಾರನಾಗಿದ್ದ.

ಬಣ ಕಟ್ಟುವುದು ಬರೀ ಪ್ರತಿಷ್ಠೆಯ ಮಾತಾಗಿರಲಿಲ್ಲ, ಹೊಟ್ಟೆಪಾಡಿನದೂ ಆಗಿತ್ತು. 1811ರಲ್ಲಿ ದಿವಾನ ಪೂರ್ಣಯ್ಯ ಅಧಿಕಾರದಿಂದ ಇಳಿದ ಮೇಲೆ ಅವರು ಕೂಡಿಸಿಟ್ಟ ಖಜಾನೆ ಬರಿದಾಗುತ್ತ ಬಂತು. ದಂಡಿನ ಸಂಬಳ, ನೌಕರರ ಸಂಬಳ ಬಾಕಿ ಬಿದ್ದವು. 1825ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೇ ಬಂದು ಎಚ್ಚರಿಸಿ ಹೋದ. ಈ ನಡುವೆ ಶರತ್ತಿನ ಪದ್ಧತಿ ಬೇರೂರಿತು. ತನ್ನ ತಾಲ್ಲೂಕಿನಿಂದ ಇಷ್ಟು ಹಣ ಎತ್ತಿಕೊಡುತ್ತೇನೆ, ಕಡಿಮೆ ಬಿದ್ದರೆ ಕೈಯಿಂದ ತುಂಬುತ್ತೇನೆ ಎಂದು ಅಮಲ್ದಾರ ಬರೆದುಕೊಡಬೇಕು. ಹೆಚ್ಚು ಹಣ ಒಪ್ಪಿಕೊಂಡವನಿಗೆ ತಾಲ್ಲೂಕು. ಇಂಥ ಕಡೆ ಕೆಲಸ ಬಲ್ಲವನಿಗಿಂತ ಬೆನ್ನ ಹಿಂದೆ ಬಳಗವಿದ್ದವನೇ ಉಳಿಯುತ್ತಾನೆ. ಯಾವ ಬಣಕ್ಕೂ ಸೇರದ ಗುಮಾಸ್ತನಿಗೂ ಶೇಕದಾರನಿಗೂ ನಾಳೆಯ ಭರವಸೆ ಇರಲಾರದು.

ಈ ಗುದ್ದಾಟದ ನಡುವೆ ಲೆಕ್ಕ ಹೇಗೆ ಇಡುತ್ತಿದ್ದರು ಎಂಬುದನ್ನೂ ನೋಡಬೇಕು. ಅಂದಿನ ಲೆಕ್ಕ ಏರುತ್ತಿದ್ದುದು ಕಡತಕ್ಕೆ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವದು. ಬರೆಯಲು ಬಳಪ. ಬೇಡವಾದ ಅಕ್ಷರವನ್ನು ಒರೆಸಿ ಅಲ್ಲೇ ಬೇರೆ ಬರೆಯಬಹುದು. ಕೆರೆ ತುಂಬದ ವರ್ಷ, ಅಡಿಕೆಗೆ ಕೊಳೆ ಬಂದ ವರ್ಷ ಜಮಾಬಂದಿಯಲ್ಲಿ ಕಂದಾಯ ವಜಾ ಮಾಡುವ ವಾಡಿಕೆಯಿತ್ತು. ಯಾವ ಊರಿಗೆ ವಜಾ ಸಿಕ್ಕಬೇಕು, ಎಷ್ಟು ಸಿಕ್ಕಬೇಕು ಎಂಬುದು ಶಾನುಭೋಗನ ಕಡತ ಮತ್ತು ಅಮಲ್ದಾರನ ಒಪ್ಪಿಗೆ ಇವೆರಡರ ನಡುವೆ ತೀರ್ಮಾನವಾಗುವ ಸಂಗತಿ. ಕಚೇರಿಯ ಬಣಕ್ಕೂ ಊರಿನ ಗೌಡನಿಗೂ ನಂಟು ಬೆಸೆದದ್ದು ಇಲ್ಲಿಯೇ.

1828ರ ಹೊತ್ತಿಗೆ ಕೃಷ್ಣರಾವ್ ಮೇಲೆ ಸಂಶಯ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ನೆಂಟ ವೀರರಾಜೇ ಅರಸರನ್ನು ನಗರಕ್ಕೆ ಕಳಿಸಿದರು. ಹೊಸ ಫೌಜುದಾರ ಮೊದಲು ಕೈಹಾಕಿದ್ದು ಲೆಕ್ಕಕ್ಕೆ. ವಜಾದ ಹೆಸರಿನಲ್ಲಿ ದೊಡ್ಡ ಮೋಸ ನಡೆದಿದೆ ಎಂದು ಕಂಡು ಹಲವು ವಜಾಗಳನ್ನು ರದ್ದುಮಾಡಿ ಬಾಕಿ ವಸೂಲಿಗೆ ನಿಂತರು. ತನಿಖೆ ಸರಿಯೇ. ಆದರೆ ಅದರ ಪೆಟ್ಟು ಬಿದ್ದದ್ದು ಮೋಸ ಮಾಡಿದ ನೌಕರನಿಗಿಂತ ಹೆಚ್ಚಾಗಿ ಹೊಲ ಉಳುವವನಿಗೆ. ಮಾಫಿಯಾಗಿದೆ ಎಂದು ನಂಬಿದ್ದ ಹಣವನ್ನು ಅವನು ಮತ್ತೆ ಕಟ್ಟಬೇಕಾಯಿತು. ರಾಮರಾವ್ ಬಣದವರು ತಮ್ಮ ತಪ್ಪು ಹೊರಬೀಳುವ ಭಯಕ್ಕೆ ಈ ಸಿಟ್ಟಿಗೆ ಗಾಳಿ ಹಾಕಿದರು, ವೀರರಾಜೇ ಅರಸರನ್ನು ತೆಗೆಸಲು ಹವಣಿಸಿದರು ಎಂದು ಲೂಯಿಸ್ ರೈಸರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಮುಂದೆ ರಾಜ್ಯವನ್ನು ಕೈಗೆ ತೆಗೆದುಕೊಂಡ ಬ್ರಿಟಿಷ್ ಸರ್ಕಾರದ ದಾಖಲೆಗಳ ಮೇಲೆ ನಿಂತ ಮಾತಾದ್ದರಿಂದ ಇದನ್ನು ಎಚ್ಚರದಿಂದಲೇ ಓದಬೇಕು. ಆದರೂ ಕಚೇರಿ ಎರಡಾಗಿ ಸೀಳಿತ್ತೆಂಬುದರಲ್ಲಿ ಅನುಮಾನವಿಲ್ಲ.

ಇದೇ ಹೊತ್ತಿಗೆ ತಾನು ಕೆಳದಿ ಅರಸರ ವಂಶದವನೆಂದು ಹೇಳಿಕೊಂಡು ಬೂದಿ ಬಸವಪ್ಪ ಕಾಣಿಸಿಕೊಂಡ. ಬಾಕಿ ಮನ್ನಾ, ಕಂದಾಯ ಇಳಿತ ಎಂಬುದು ಅವನ ಭರವಸೆ. ಕೆಳದಿಯ ಶಿವಪ್ಪನಾಯಕನ ಶಿಸ್ತನ್ನು, ಅಂದರೆ ಅವನ ಕಂದಾಯದ ಕಟ್ಟಳೆಯನ್ನು, ನ್ಯಾಯದ ಅಳತೆಯೆಂದು ನೆನೆಯುತ್ತಿದ್ದ ಸೀಮೆಯಲ್ಲಿ ಆ ಮಾತಿಗೆ ಬೆಲೆ ಬಂತು. 1830ರ ಆಗಸ್ಟಿನಿಂದ ಬಸವಾಪಟ್ಟಣ ಮೊದಲಾದೆಡೆ ರೈತರು ಕೂಟ ಸೇರತೊಡಗಿದರು. ಕೂಟ ಸೇರಿ ಕಂದಾಯ ನಿಲ್ಲಿಸುವುದು ರೈತರ ಹಳೆಯ ದಾರಿ. ಅಹವಾಲು ಕೇಳಬೇಕಾದ ಅಧಿಕಾರಿಗಳಲ್ಲೇ ಒಮ್ಮತವಿಲ್ಲದ್ದರಿಂದ ಮಾತುಕತೆ ಮುರಿದು, ದಂಡು ಬಂದು, ರಕ್ತ ಹರಿಯಿತು. 1831ರ ಜೂನ್‌ನಲ್ಲಿ ಬ್ರಿಟಿಷ್ ಪಡೆ ನಗರದ ಕೋಟೆ ಹಿಡಿಯಿತು. ಅಕ್ಟೋಬರ್ 19ರಂದು ಸಂಸ್ಥಾನದ ಆಡಳಿತವೇ ಮಹಾರಾಜರ ಕೈತಪ್ಪಿತು. ಅದು ಒಡೆಯರ ಮನೆತನಕ್ಕೆ ಮರಳಲು 1881ರವರೆಗೆ ಕಾಯಬೇಕಾಯಿತು.

ಹೊಸ ಆಡಳಿತವೂ ಜಗಳದಿಂದಲೇ ಶುರುವಾಯಿತೆಂಬುದು ಗಮನಿಸಬೇಕಾದ ಸಂಗತಿ. ಗವರ್ನರ್ ಜನರಲ್ ಬೆಂಟಿಂಕ್ ಇಬ್ಬರು ಕಮಿಷನರರನ್ನು ನೇಮಿಸುವ ಏರ್ಪಾಡು ಮಾಡಿದ. ಹಿರಿಯ ಕಮಿಷನರ್ ಕರ್ನಲ್ ಬ್ರಿಗ್ಸ್ ಅವನ ಆಯ್ಕೆ, ಕಿರಿಯ ಲಷಿಂಗ್ಟನ್ ಮದ್ರಾಸ್ ಸರ್ಕಾರದ ಆಯ್ಕೆ. ಇಬ್ಬರಿಗೂ ಹೊಂದಲಿಲ್ಲ. ಬ್ರಿಗ್ಸ್ 1833ರಲ್ಲಿ ನಾಗಪುರಕ್ಕೆ ಹೊರಟುಹೋದ. ಮರುವರ್ಷ ಇಬ್ಬರ ವ್ಯವಸ್ಥೆ ಕೈಬಿಟ್ಟು ಒಬ್ಬನೇ ಕಮಿಷನರ್ ಸಾಕೆಂದಾಯಿತು. ಆ ಹುದ್ದೆಯಲ್ಲಿ ಮಾರ್ಕ್ ಕಬ್ಬನ್ 1861ರವರೆಗೆ ಇದ್ದ. ದಂಗೆಯ ಕಾರಣ ವಿಚಾರಿಸಲು ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್ ಮತ್ತು ಕಬ್ಬನ್‌ ಇದ್ದ ಸಮಿತಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತ್ತು.

ಫೌಜುದಾರಿಗಳು ಹೋಗಿ ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳು ಬಂದವು. ಪ್ರತಿಯೊಂದಕ್ಕೂ ಒಬ್ಬ ಯೂರೋಪಿಯನ್ ಸೂಪರಿಂಟೆಂಡೆಂಟ್. ಫೌಜುದಾರನ ಬಳಗಕ್ಕಿದ್ದ ಸ್ಥಾನ ಅಲ್ಲಿಗೆ ಮುಗಿಯಿತು. ಆದರೆ ಅಮಲ್ದಾರನ ಕೆಳಗೆ, ಊರ ಮಟ್ಟದಲ್ಲಿ, ಪಟೇಲಿಕೆಯೂ ಶಾನುಭೋಗಿಕೆಯೂ ತಂದೆಯಿಂದ ಮಗನಿಗೆ ಇಳಿಯುತ್ತಲೇ ಇದ್ದವು. ಶಿಕಾರಿಪುರ, ಸೊರಬದ ರೈತನಿಗೆ ನಿತ್ಯ ಎದುರಾಗುತ್ತಿದ್ದ ಸರ್ಕಾರವೆಂದರೆ ಇದೇ. ಗ್ರಾಮಾಧಿಕಾರಗಳ ರದ್ದಿಯಾತಿಯ 1961ರ ಕಾಯಿದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದ ಮೇಲೆ, ಊರಿನ ಲೆಕ್ಕ ಸಂಬಳ ಪಡೆಯುವ, ವರ್ಗಾವಣೆಗೆ ಒಳಪಡುವ ಗ್ರಾಮ ಲೆಕ್ಕಿಗರ ಕೈಗೆ ಬಂತು.