ಹೆದ್ದಾರಿ ಹಾಯದ ನೆಲದಲ್ಲಿ ಸುಝೋ ತೋಟ

ಕೆನಡಾದ ವ್ಯಾಂಕೂವರ್ ನಗರದ ಚೈನಾಟೌನಿನಲ್ಲಿ ಡಾ. ಸನ್ ಯಾತ್-ಸೆನ್ ಹೆಸರಿನ ತೋಟವೊಂದಿದೆ. ಇಂಥ ತೋಟಗಳನ್ನು ವಲಸಿಗರ ತವರಿನ ನೆನಪೆಂದು ವಿವರಿಸಿಬಿಡುವುದು ಸುಲಭ. ಇಲ್ಲಿ ಆ ಮಾತು ನಿಲ್ಲುವುದಿಲ್ಲ. ಈ ನಗರಕ್ಕೆ ಮೊದಲು ಬಂದ ಚೀನೀಯರಲ್ಲಿ ಹೆಚ್ಚಿನವರು ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಗರು. ರೈಲುಹಾದಿಯಲ್ಲಿ, ಮರದ ಮಿಲ್ಲುಗಳಲ್ಲಿ ದುಡಿದವರು. ತೋಟದ ಮಾದರಿಯೋ ದೂರದ ಸುಝೋ ನಗರದ್ದು. ಮಿಂಗ್ ಕಾಲದ ವಿದ್ವಾಂಸ-ಅಧಿಕಾರಿಗಳು ಮನೆಗೆ ತಾಗಿಕೊಂಡಂತೆ ಕಟ್ಟಿಸಿದ ಬಗೆಯದು. ಕೂಲಿಕಾರರ ಪೂರ್ವಿಕರು ಇಂಥ ಗೋಡೆಯೊಳಗೆ ಕಾಲಿಟ್ಟಿರುವ ಸಂಭವ ಕಡಿಮೆ. ಅವರ ಮೊಮ್ಮಕ್ಕಳ ಊರಿಗೆ ಇದೇ ತೋಟ ಏಕೆ ಬಂತು?

ಉತ್ತರವನ್ನು ನೆಲದ ಹೋರಾಟದಲ್ಲಿ ಹುಡುಕಬೇಕೆಂಬುದು ನನ್ನ ವಾದ. ಕೆನಡಾ 1885ರಲ್ಲಿ ಚೀನೀ ವಲಸಿಗರ ಮೇಲೆ 50 ಡಾಲರ್ ತಲೆಗಂದಾಯ ಹೇರಿತು. 1903ರಲ್ಲಿ ಅದನ್ನು 500ಕ್ಕೆ ಏರಿಸಿತು. 1923ರಿಂದ 1947ರವರೆಗೆ ಬಾಗಿಲನ್ನೇ ಬಹುಮಟ್ಟಿಗೆ ಮುಚ್ಚಿತು. 1960ರ ದಶಕದ ಕೊನೆಗೆ ಚೈನಾಟೌನನ್ನು ಸೀಳಿಕೊಂಡು ಹೆದ್ದಾರಿ ಹಾಯಿಸುವ ಯೋಜನೆ ಬಂದಾಗ ಜನ ತಿರುಗಿಬಿದ್ದರು, ಯೋಜನೆ ಬಿದ್ದುಹೋಯಿತು. ಹಾಗೆ ಉಳಿಸಿಕೊಂಡ ಪೇಟೆ ತನ್ನ ಗುರುತಿಗಾಗಿ ಕೂಲಿಯ ಕಥೆಯನ್ನಲ್ಲ, ಚೀನೀ ನಾಗರಿಕತೆಯ ಅತ್ಯಂತ ಸೂಕ್ಷ್ಮ ಕಲೆಯನ್ನು ಆರಿಸಿಕೊಂಡಿತು. ಇದರಲ್ಲಿ ನನಗೆ ಕಾಣುವುದು ಆತ್ಮಗೌರವ. ಹೆಸರು ಮಾತ್ರ ಅವರ ಸೀಮೆಯದೇ: ಸನ್ ಯಾತ್-ಸೆನ್ ಗ್ವಾಂಗ್‌ಡಾಂಗಿನವರು, ಚೀನಾದ ರಾಜಸತ್ತೆಯನ್ನು ಕೆಡಹುವ ಕ್ರಾಂತಿಗೆ ಹಣ ಕೂಡಿಸಲು 1911ರಲ್ಲಿ ಈ ನಗರಕ್ಕೂ ಬಂದಿದ್ದವರು.

ಕಟ್ಟುವ ಕೌಶಲಕ್ಕೆ ಹೊರದೇಶದಲ್ಲಿ ಒಂದು ಪೂರ್ವಪೀಠಿಕೆ ಇತ್ತು. ಸುಝೋದ ವಾಂಗ್‌ಶಿ ತೋಟದ ಒಂದು ಅಂಗಳವನ್ನು ಮಾದರಿಯಾಗಿಟ್ಟು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1981ರಲ್ಲಿ ಆಸ್ಟರ್ ಅಂಗಳವನ್ನು ತೆರೆದಿತ್ತು. ಅದು ಗಾಜಿನ ಸೂರಿನ ಕೆಳಗಿನದು. ವ್ಯಾಂಕೂವರಿನದು ಬಯಲಿನದು, ಮಳೆಗೆ ಒಡ್ಡಿಕೊಂಡದ್ದು. 1985ರಲ್ಲಿ ಸುಝೋದಿಂದ 52 ಮಂದಿ ಕುಶಲಕರ್ಮಿಗಳು ಬಂದರು. ಸುಮಾರು 950 ಪೆಟ್ಟಿಗೆಗಳಲ್ಲಿ ಮರ, ಹೆಂಚು, ಬೆಣಚುಕಲ್ಲು, ತೈಹು ಸರೋವರದ ತೂತುಬಿದ್ದ ಸುಣ್ಣಕಲ್ಲು ಬಂದವು. ಕಂಬ-ತೊಲೆಗಳನ್ನು ಮೊಳೆ ಹೊಡೆಯದೆ ಕಚ್ಚುಗಳಿಂದಲೇ ಕೂಡಿಸಿದರು. ವ್ಯಾಂಕೂವರಿನಲ್ಲೇ ನಡೆದ ಎಕ್ಸ್‌ಪೋ ವಿಶ್ವಮೇಳಕ್ಕೆ ಕೆಲವೇ ದಿನ ಮುಂಚೆ, 1986ರ ಏಪ್ರಿಲ್ 24ರಂದು ತೋಟ ತೆರೆಯಿತು.

ಸೂರಂಚಿನ ಹೆಂಚನ್ನು ಹತ್ತಿರದಿಂದ ನೋಡಬೇಕು. ಎರಡು ಸಾಲಿನ ನಡುವಿನ ಕಾಲುವೆಯ ತುದಿಯಲ್ಲಿ ನಾಲಗೆಯಂತೆ ಕೆಳಗಿಳಿದ ಬಿಲ್ಲೆ. ನೀರು ಅದರ ಮೊನೆಗೆ ಬಂದು ಹನಿಹನಿಯಾಗಿ ಉದುರುತ್ತದೆ. ಸಾಲು ಸಾಲಾಗಿ ಉದುರಿದಾಗ ಮಣಿಪರದೆ. ಸುಝೋದಂತೆ ವ್ಯಾಂಕೂವರಿಗೂ ಮಳೆ ಧಾರಾಳ, ಹಾಗಾಗಿ ಈ ಹೆಂಚಿಗೆ ಇಲ್ಲಿಯೂ ಕೆಲಸವಿದೆ. ಕೆಳಗಿನ ಕೊಳದ ನೀರು ಬೇಕೆಂತಲೇ ಮಬ್ಬು ಹಸಿರು. ತಳ ಕಾಣದಿದ್ದರೆ ಸೂರಿನ ನೆರಳು ಚೆನ್ನಾಗಿ ಮೂಡುತ್ತದೆ.

ಜಿ ಚೆಂಗ್ 17ನೇ ಶತಮಾನದಲ್ಲಿ ಬರೆದ ‘ಯುವಾನ್ ಯೆ’ ಎಂಬ ಗ್ರಂಥ ತೋಟದಾಚೆಯ ನೋಟವನ್ನು ಎರವಲು ಪಡೆಯುವ ವಿದ್ಯೆಯನ್ನು ಎತ್ತಿಹಿಡಿಯುತ್ತದೆ. ಇಲ್ಲಿ ಗೋಡೆಯಾಚೆ ಟಿಕೆಟ್ಟಿಲ್ಲದೆ ಯಾರು ಬೇಕಾದರೂ ಬಂದು ಕೂರಬಹುದಾದ ಸಾರ್ವಜನಿಕ ಉದ್ಯಾನವಿದೆ. ಅದರ ಮರಗಳು ಒಳಗಿನವರಿಗೆ ಎರವಲು ನೋಟವಾಗುತ್ತವೆ. ಕೊಳದ ನೀರು ಎರಡೂ ಕಡೆಗೆ ಒಂದೇ.